ಗೊಲ್ಲಾಳಪ್ಪನ ಸ್ಲೇವ್ ದೀಪಗಳು

ಇಲ್ಲ ತಮ್ಮಾ, ತಲೆ ಅಲ್ಲಾಡಿಸಬೇಡ. ವೈರು ಇರಲಿಲ್ಲ, ಮುಟ್ಟಿದವರಿರಲಿಲ್ಲ, ಆದರೂ ದೀಪ ತಾನಾಗಿ ಮಿಂಚಿತು ಎಂದರೆ ಮಿಂಚಿತು. ಮುದುಕ ಮತ್ತೆ ಶುರು ಮಾಡಿದ ಎಂದು ನಿನ್ನ ಮುಖವೇ ಹೇಳುತ್ತಿದೆ. ಚಿಂಚೋಳಿ ಕಡೆಯ ಕೊಡ್ಲಿಯ ಮದುವೆಯಲ್ಲಿ ಇದೇ ದೀಪಗಳು ಹೊಡೆದ ಬೆಳಕಿಗೆ ಊರ ಹುಂಜಗಳೆಲ್ಲ ಸಂಜೆಗೇ ಕೂಗಿದವು, ಕಟ್ಟೆಯ ಮೇಲೆ ತೂಕಡಿಸುತ್ತಿದ್ದ ಹಿರಿಯರೊಬ್ಬರು ಬೆಳಗಾಯಿತೆಂದು ಎದ್ದು ಬೇವಿನಕಡ್ಡಿ ಹುಡುಕಿದರು ಎಂದಾಗಲೂ ನೀನು ಹೀಗೇ ನಕ್ಕಿದ್ದೆ. ಹುಂಜದ ಸಂಗತಿ ಸ್ವಲ್ಪ ಹೆಚ್ಚಾಗಿರಬಹುದು, ಬಿಡು. ಚಿತ್ತಾಪುರದ ಮುಂಜಿಯಲ್ಲಿ ನಡೆದದ್ದು ಮಾತ್ರ ಇದ್ದದ್ದು ಇದ್ದ ಹಾಗೆ.

ಸೇಡಂ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟ ಗೊಲ್ಲಾಳಪ್ಪ ಮೂಲತಃ ದಂಡೋತಿಯವನು. ಅಣ್ಣಂದಿರು ಕಾಗಿಣಾ ದಂಡೆಯ ಹೊಲ ನೋಡಿಕೊಂಡರೆ ಇವನು ಕ್ಯಾಮೆರಾ ಹಿಡಿದ. ಹುಟ್ಟಿದಾಗ, ಸೂಲಗಿತ್ತಿ ತನ್ನನ್ನು ಸರಿಯಾದ ಮನೆಯಲ್ಲೇ ಹೊರಗೆ ತೆಗೆದಳೋ ಇಲ್ಲವೋ ಎಂದು ಖಾತ್ರಿಯಾಗುವ ತನಕ ಅಳಲಿಲ್ಲವಂತೆ. ಅಂಥ ಸಂಶಯದ ಮನುಷ್ಯ. ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತುವ ಮೊದಲು ಬೋರ್ಡು ಓದುತ್ತಾನೆ, ಕೂತವರನ್ನು ಕೇಳುತ್ತಾನೆ, ಆಮೇಲೆ ಮುಂದೆ ಹೋಗಿ ಡ್ರೈವರನನ್ನೂ ಕೇಳುತ್ತಾನೆ. ಅಷ್ಟರಲ್ಲಿ ರೈಲು ಹೋಗಿದ್ದರೆ, "ನಾ ಹೇಳ್ಲಿಲ್ಲಾ, ಅದರ ಮ್ಯಾಲ ನನಗ ಡೌಟ್ ಇತ್ತು" ಎನ್ನುತ್ತಾನೆ.

ಇಂಥವನ ಕೈಕೆಳಗೆ ಯಾರು ನಿಲ್ಲುತ್ತಾರೆ? ಒಬ್ಬನ ಊಟದ ಡಬ್ಬಿ ಬಿಚ್ಚಿ, ರೊಟ್ಟಿಯ ಪದರದಲ್ಲಿ ಮೆಮೊರಿ ಕಾರ್ಡ್ ಅಡಗಿಸಿದ್ದಾನೇನೋ ಎಂದು ನೋಡಿದ. ಅವನು ರೊಟ್ಟಿ ಸುತ್ತಿಕೊಂಡು ಹೋದವನು ತಿರುಗಿ ಬರಲಿಲ್ಲ. ಇನ್ನೊಬ್ಬ ಹೆಚ್ಚು ನಗುತ್ತಾನೆಂದು ಅನುಮಾನ, ಮತ್ತೊಬ್ಬ ನಗುವುದೇ ಇಲ್ಲವೆಂದು ಅನುಮಾನ. ಉಳಿದವನು ತಾರೀಕ ಒಬ್ಬನೇ. ಶಹಾಬಾದಿನ ಹುಡುಗ, ವಿಡಿಯೋ ಹಿಡಿಯುವ ಕೆಲಸ. ಹುಡುಗನಾಗಿ ಬಂದವನಿಗೆ ಈಗ ಗಡ್ಡದಲ್ಲಿ ಬಿಳಿಕೂದಲು ಇಣುಕಿವೆ. ಗೊಲ್ಲಾಳಪ್ಪನ ಸಂಶಯವನ್ನು ಅವನು ಬೇಸಿಗೆಯ ಬಿಸಿಲಿನ ಹಾಗೆ ತಿಳಿದಿದ್ದ. ಬಂದರೆ ನೆರಳಿಗೆ ಸರಿಯುವುದು, ಅಷ್ಟೇ.

ಮುಂಜಿಗೆ ಸ್ವಲ್ಪ ಮುಂಚೆ ಯಾರೋ ಬಂದು ಗೊಲ್ಲಾಳಪ್ಪನ ಕಿವಿಯಲ್ಲಿ ಹಾಕಿದರು. ವಾಡಿ ಸ್ಟೇಶನ್ ಹತ್ತಿರ ಖಾಲಿ ಅಂಗಡಿಯೊಂದರ ಮುಂದೆ ತಾರೀಕ ನಿಂತಿದ್ದನಂತೆ, ಬಾಗಿಲಿನ ಅಗಲ ನೋಡುತ್ತಿದ್ದನಂತೆ. ಅಂದಿನಿಂದ ಗೊಲ್ಲಾಳಪ್ಪನಿಗೆ ಅನ್ನ ರುಚಿಸಲಿಲ್ಲ. ತಾರೀಕ ಹೋದರೆ ಇನ್ನೊಬ್ಬ ಬರುವುದಿಲ್ಲ. ಈ ಸುತ್ತಿನಲ್ಲಿ ಅವನ ಬಳಿ ಕೆಲಸಕ್ಕೆ ಬಂದು ಓಡಿಹೋಗದವರೇ ಉಳಿದಿರಲಿಲ್ಲ. ಒಬ್ಬನೇ ಮದುವೆಯ ಫೋಟೋ ಕೆಲಸ ಮಾಡಲಾಗುವುದಿಲ್ಲ, ಮಾಡಿದರೂ ಬರುವ ದಾರಿಯಲ್ಲಿ ಯಾರ ಜೊತೆ ಜಗಳಾಡುವುದು? ಬಾಯಿಬಿಟ್ಟು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೇಳಿದರೆ ಅವನು ಎಚ್ಚರಾಗುತ್ತಾನೆ ಎಂದು ಗೊಲ್ಲಾಳಪ್ಪ ಸುಮ್ಮನೆ ಕಣ್ಣಿಟ್ಟ.

ಈಗ ದೀಪದ ವಿಷಯ. ಕ್ಯಾಮೆರಾದ ತಲೆಯ ಮೇಲಿನ ಫ್ಲ್ಯಾಶ್ ಒಂದನ್ನೇ ಹೊಡೆದರೆ ಮದುಮಗಳ ಮುಖ ಹಪ್ಪಳದ ಹಾಗೆ ಚಪ್ಪಟೆಯಾಗುತ್ತದೆ, ಹಿಂದಿನ ಗೋಡೆಯ ಮೇಲೆ ಕರಿ ನೆರಳು ಬೀಳುತ್ತದೆ. ಪಕ್ಕದಿಂದ, ಮೇಲಿನಿಂದ ಬೆಳಕು ಬಿದ್ದರೆ ಮೂಗಿಗೆ ಮೂಗಿನ ಆಕಾರ, ಗಲ್ಲಕ್ಕೆ ಗಲ್ಲದ ಆಕಾರ. ಅದಕ್ಕಾಗಿ ಗೊಲ್ಲಾಳಪ್ಪ ಹೈದರಾಬಾದಿನಿಂದ ನಾಲ್ಕು ಅಗ್ಗದ ಸ್ಲೇವ್ ಫ್ಲ್ಯಾಶ್ ತಂದಿದ್ದ. ಹೆಸರೇ ಹೇಳುವ ಹಾಗೆ ಅವು ಆಳುಗಳು. ಹಣೆಯಲ್ಲೊಂದು ಗಾಜಿನ ಕಣ್ಣು. ಕ್ಯಾಮೆರಾದ ಫ್ಲ್ಯಾಶ್ ಮಿಂಚಿದ್ದನ್ನು ಆ ಕಣ್ಣು ನೋಡಿದರೆ ಅದೇ ಕ್ಷಣಕ್ಕೆ ಇವೂ ಮಿಂಚುತ್ತವೆ. ವೈರು ಬೇಡ, ಏನೂ ಬೇಡ. ಅಗ್ಗದ ಮಾಲಾದ್ದರಿಂದ ಒಮ್ಮೆ ಹೊಡೆದ ಮೇಲೆ ಮತ್ತೆ ಶಕ್ತಿ ತುಂಬಿಕೊಳ್ಳಲು ಒಂದು ವೀಳ್ಯದೆಲೆ ಮಡಚಿ ಬಾಯಿಗೆ ಹಾಕುವಷ್ಟು ಹೊತ್ತು ಬೇಕು. ಕೋಡ್ಲಾದ ಗುಜರಿಯಲ್ಲಿ ಸಿಕ್ಕ ಪೈಪಿಗೆ ಬುಡದಲ್ಲಿ ಶಹಾಬಾದಿ ಫರ್ಸಿಯ ತುಂಡು ಕಟ್ಟಿ ಸ್ಟ್ಯಾಂಡ್ ಮಾಡಿದ್ದ. ಆ ಕಲ್ಲನ್ನೂ ಅವನು ಬೆರಳಿನಿಂದ ತಟ್ಟಿ, ಕಲ್ಲೇ ಹೌದು ಎಂದು ಖಾತ್ರಿ ಮಾಡಿಕೊಂಡೇ ಕಟ್ಟಿದ್ದು.

ಚಿತ್ತಾಪುರದಲ್ಲಿ ಆನಂದತೀರ್ಥ ಮಾಸ್ತರರ ಮಗನ ಮುಂಜಿ. ಮನೆಯಲ್ಲಿ ನಡೆಯುವುದು ಮಾಸ್ತರರ ತಾಯಿ ಪದ್ಮಾಬಾಯಿಯ ಮಾತು. ಆಕೆಗೆ ಬೇಕಾದದ್ದು ಒಂದೇ ಚಿತ್ರ, ಮಾತೃಭೋಜನದ್ದು. ಜನಿವಾರ ಬೀಳುವ ಮೊದಲು ತಾಯಿ ಮಗನನ್ನು ಒಂದೇ ಎಲೆಗೆ ಕೂರಿಸಿಕೊಂಡು ಉಣ್ಣಿಸುತ್ತಾಳಲ್ಲ, ಆಮೇಲೆ ಹಾಗೆ ಒಂದೇ ಎಲೆಯ ಊಟ ಇಲ್ಲ. ಅದಕ್ಕೆ ಅದರ ಬೆಲೆ. ಆದರೆ ಅದು ನಡೆಯುವುದು ನಡುಮನೆಯಲ್ಲಿ, ಮಡಿಯಲ್ಲಿ. ಫೋಟೋದವರು ಪಡಸಾಲೆಯಲ್ಲೇ ನಿಲ್ಲಬೇಕು, ಹೊಸ್ತಿಲು ದಾಟುವಂತಿಲ್ಲ. ಬೆಳಿಗ್ಗೆ ನೆಲ ಒರೆಸುವ ಮೊದಲೇ ದೀಪಗಳನ್ನು ನಡುಮನೆಯ ನಾಲ್ಕು ಮೂಲೆಗಿಟ್ಟು ಚಾಲೂ ಮಾಡಿ ಹೊರಗೆ ಬರಬೇಕು, ಆಮೇಲೆ ಮುಟ್ಟುವಂತಿಲ್ಲ ಎಂದು ಒಪ್ಪಂದವಾಯಿತು.

ಪದ್ಮಾಬಾಯಿ ಒಂದು ದೀಪದ ಎದುರು ನಿಂತು ಅದನ್ನು ದಿಟ್ಟಿಸಿದಳು. ಅದೂ ಆಕೆಯನ್ನು ದಿಟ್ಟಿಸಿತು.

"ಗೊಲ್ಲಾಳಪ್ಪ, ಇದಕ್ಕ ಕಣ್ಣದ ಅಲ್ಲೊ. ಅಡಿಗಿಮನಿ ಕಡೆ ಯಾಕ ನೋಡ್ಲಿಕತ್ತದ?"

"ಅದು ಕ್ಯಾಮೆರಾ ಅಲ್ರಿ ಅವ್ವಾರೆ, ದೀಪ ಅದ."

"ದೀಪಕ್ಕ ಎಣ್ಣಿ ಇರಬೇಕು, ಇಲ್ಲಾ ವಾಯರ್ ಇರಬೇಕು. ಎರಡೂ ಇಲ್ಲ, ದೀಪ ಅಂತಿ. ನನ್ನ ಹುಚ್ಚಿ ಮಾಡಬ್ಯಾಡ."

"ಒಳಗ ಸೆಲ್ ಅವರಿ. ನನ್ನ ಫ್ಲ್ಯಾಶ್ ಹೊಡಿದ್ರ ಅದೂ ಹೊಡೀತದ."

"ಹೇಳದs ಕೇಳದs ಹೊಡೀತದೇನು? ಆಗ್ಲಿ, ಮಾರಿ ಆ ಕಡೆ ತಿರಿಗಿಸು. ನನ್ನ ಸಾರಿನ ಗುಟ್ಟು ಸೇಡಮ್ಮಿಗೆ ಹೋಗೂದು ಬ್ಯಾಡ."

ತಿರುಗಿಸಿದ. ಅಷ್ಟಕ್ಕೇ ಆಕೆಗೆ ಸಮಾಧಾನವಾಗಲಿಲ್ಲ. ತಂಬಿಗೆಯಿಂದ ನೀರು ತೆಗೆದು ನಾಲ್ಕೂ ದೀಪಗಳಿಗೆ ಚಿಮುಕಿಸಿ ಶುದ್ಧ ಮಾಡಿದಳು. ಗೊಲ್ಲಾಳಪ್ಪನ ಜೀವ ಬಾಯಿಗೆ ಬಂತು. ಪುಣ್ಯಕ್ಕೆ ಏನೂ ಆಗಲಿಲ್ಲ, ಪರೀಕ್ಷೆಗೆ ಹೊಡೆದಾಗ ನಾಲ್ಕೂ ಮಿಂಚಿದವು.

ಊಟಕ್ಕೆ ತಾಯಿ ಪ್ರಮಿತಾ ಕೂತಳು, ಪಕ್ಕದಲ್ಲಿ ಮಗ. ಪಡಸಾಲೆಯಲ್ಲಿ ಗೊಲ್ಲಾಳಪ್ಪ ಕ್ಯಾಮೆರಾ ಏರಿಸಿದ, ಅವನ ಎಡಕ್ಕೆ ತಾರೀಕ ವಿಡಿಯೋ ಹಿಡಿದು ನಿಂತ. ತಾಯಿ ತುತ್ತು ಕಲಸಿ ಮಗನ ಬಾಯಿಯ ಕಡೆ ಎತ್ತಿದಳು. ಗೊಲ್ಲಾಳಪ್ಪನ ಬೆರಳು ಗುಂಡಿಯ ಮೇಲೆ. ಒತ್ತುವ ಮೊದಲು, ಈಚೆಗೆ ಅಂಟಿದ ಚಟದಂತೆ, ಒಮ್ಮೆ ತಾರೀಕನ ಕಡೆ ನೋಡಿದ. ಆ ಅರೆಕ್ಷಣದಲ್ಲಿ ನಡುಮನೆ ಧಗ್ಗೆಂದು ಬೆಳಗಿತು. ಗೊಲ್ಲಾಳಪ್ಪ ಇನ್ನೂ ಒತ್ತಿರಲೇ ಇಲ್ಲ.

ಗಾಬರಿಯಲ್ಲಿ ಒತ್ತಿದ. ದೀಪಗಳಿಗೆ ಸನ್ನೆಯಾದರೆ ಸಾಕೆಂದು ಸಣ್ಣಗೆ ಇಟ್ಟಿದ್ದ ಕ್ಯಾಮೆರಾದ ಫ್ಲ್ಯಾಶ್ ಒಂದೇ ಮಿಣುಕಿತು, ಮೂಲೆಯ ದೀಪಗಳು ಮಿಸುಕಲಿಲ್ಲ. ಹಿಂದಿನ ಪರದೆಯಲ್ಲಿ ಚಿತ್ರ ನೋಡಿದರೆ ಕತ್ತಲು, ಕತ್ತಲೊಳಗೆ ಪ್ರಮಿತಾಳ ಮೂಗುತಿ ಒಂದು ಚುಕ್ಕೆ.

ಎರಡನೆಯ ತುತ್ತು. ಮತ್ತೆ ಅದೇ. ಕೈ ಮೇಲೆದ್ದ ಹೊತ್ತಿಗೆ ಸರಿಯಾಗಿ ದೀಪಗಳು ತಾವೇ ಮಿಂಚಿ ಖಾಲಿಯಾದವು, ಇವನ ಸರದಿಗೆ ಸತ್ತು ನಿಂತವು. ಬೇರೆಯವನಾಗಿದ್ದರೆ ನೀರು ಒಳಗೆ ಇಳಿದಿದೆ ಎನ್ನುತ್ತಿದ್ದ. ನೀರು ಇಳಿದ ದೀಪ ಹುಚ್ಚುಹುಚ್ಚಾಗಿ ಮಿಂಚೀತು, ಹೀಗೆ ತುತ್ತು ಕಾದು ಮಿಂಚುವುದೇ? ಇದರ ಹಿಂದೆ ಮನುಷ್ಯನ ಬುದ್ಧಿ ಇದೆ ಎಂದು ಗೊಲ್ಲಾಳಪ್ಪನಿಗೆ ಖಾತ್ರಿಯಾಯಿತು. ಪಕ್ಕಕ್ಕೆ ತಿರುಗಿದರೆ ತಾರೀಕನ ಒಂದು ಕೈ ಕಿಸೆಯಲ್ಲಿ. ಕಿಸೆಯೊಳಗಿಂದ ಸಣ್ಣಗೆ ಕಟ್, ಕಟ್ ಎನ್ನುವ ಸದ್ದು.

"ಕಿಸೇದಾಗ ಏನದ?" ಗೊಲ್ಲಾಳಪ್ಪ ಹಲ್ಲು ಕಚ್ಚಿ ಕೇಳಿದ.

"ಏನಿಲ್ಲಣ್ಣಾ. ಅಲ್ಲಿ ನೋಡು, ತುತ್ತು ಹೋಗ್ಲಿಕತ್ತದ."

"ತುತ್ತು ನಾ ನೋಡ್ತೀನಿ. ನೀ ಕಿಸೆ ತೋರ್ಸು."

"ವಿಡಿಯೋ ನಡದದ. ನಿನ್ನ ದನಿ ರೆಕಾರ್ಡ್ ಆಗ್ಲಿಕತ್ತದ."

"ಆಗ್ಲಿ. ಸಾಕ್ಷಿ ಆಗ್ತದ."

ತಾರೀಕ ಕಿಸೆಯಿಂದ ಹೊರಗೆ ತೆಗೆದದ್ದು ಒಂದು ಅಳತೆಯ ಟೇಪು. ಗುಂಡಿ ಒತ್ತಿದರೆ ಸರಕ್ಕನೆ ಒಳಗೆ ಸುತ್ತಿಕೊಳ್ಳುತ್ತದಲ್ಲ, ಅಂಥದ್ದು. ಅದರ ಗುಂಡಿಯನ್ನು ಸುಮ್ಮನೆ ಒತ್ತುತ್ತ ನಿಂತಿದ್ದ. ದೀಪದ ಯಂತ್ರ ಹುಡುಕಿದವನಿಗೆ ವಾಡಿಯ ಅಂಗಡಿ ಸಿಕ್ಕಿತು.

"ಅಳದು ಮುಗೀತೇನು?"

ತಾರೀಕ ಟೇಪನ್ನು ತಿರುಗಿ ಕಿಸೆಗೆ ಹಾಕಿದ. ಗೊಲ್ಲಾಳಪ್ಪನ ದನಿ ಏರಿತು. "ನನ್ನ ಹೆಸರು ಕೆಡಿಸಿ ಹೋಗಬೇಕಂತ ಇದ್ದೆಲ್ಲಾ, ಈಗ ಕೆಟ್ಟದ. ಆತಲ್ಲ, ಹೋಗು."

ತಾರೀಕ ವಿಡಿಯೋ ಮುಗಿಸಿ, ಕ್ಯಾಮೆರಾ ಚೀಲಕ್ಕೆ ಹಾಕಿ ಅಂಗಳಕ್ಕೆ ಇಳಿದ. ಎಂದೂ ನೆರಳಿಗೆ ಸರಿಯುತ್ತಿದ್ದವನು ಈ ಸಲ ಬಿಸಿಲಿಗೇ ಹೋಗಿ ನಿಂತ.

ಮಾತೃಭೋಜನ ಮುಗಿಯಿತು. ಪದ್ಮಾಬಾಯಿ ಹೊಸ್ತಿಲಿಗೆ ಬಂದು, "ಹೆಂಗ ಬಂದದ, ತೋರ್ಸು" ಎಂದಳು. ಗೊಲ್ಲಾಳಪ್ಪ ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡ.

"ಬಂದಿಲ್ರಿ ಅವ್ವಾರೆ. ದೀಪಕ್ಕ ಏನೋ ಮಾಡ್ಯಾರ."

ಅಳುತ್ತಾಳೋ ಬೈಯುತ್ತಾಳೋ ಎಂದುಕೊಂಡರೆ ಆಕೆ ಗೆದ್ದವರ ಹಾಗೆ ತಲೆಯಾಡಿಸಿದಳು. "ನನಗ ಗೊತ್ತಿತ್ತು. ಎಣ್ಣಿ ಇಲ್ಲ, ವಾಯರ್ ಇಲ್ಲ, ಎಲ್ಲಿಂದ ಬರಬೇಕು? ಅದಕ್ಕs ನಾ ಬ್ಯಾರೆ ಬಂದೋಬಸ್ತ್ ಮಾಡೀನಿ. ಶ್ರೀವಾಣಿ, ಬಾ ಇಲ್ಲೆ."

ಪದ್ಮಾಬಾಯಿಯ ಮಗಳು ಶ್ರೀವಾಣಿ, ನಡುಮನೆಗೆ ತೆರೆಯುವ ಅಡಿಗೆಮನೆಯ ಕಿಟಕಿಯ ಹಿಂದಿನಿಂದ ಹೊರಬಂದಳು. ಕೈಯಲ್ಲಿ ಸಾಬೂನಿನ ಡಬ್ಬಿಯಷ್ಟು ದೊಡ್ಡ ಹಳೆಯ ಕ್ಯಾಮೆರಾ, ಮೂತಿಯಲ್ಲಿ ಕಡಲೆಕಾಳಿನಷ್ಟು ಫ್ಲ್ಯಾಶ್. ಈ ಫೋಟೋದವನನ್ನು ನಂಬುವ ಹಾಗಿಲ್ಲ, ಪ್ರತಿ ತುತ್ತಿಗೂ ನೀನೊಂದು ತೆಗೆದಿಡು, ಅವನಿಗೆ ಕಾಣಿಸಬೇಡ ಎಂದು ತಾಯಿಯ ಅಪ್ಪಣೆಯಾಗಿತ್ತು.

ಗೊಲ್ಲಾಳಪ್ಪ ಆ ಪುಟ್ಟ ಪರದೆಯಲ್ಲಿ ನೋಡಿದ. ನೋಡುತ್ತಲೇ ಇದ್ದ. ತಾಯಿಯ ಗಲ್ಲದ ಮೇಲೆ ಪಕ್ಕದಿಂದ ಬಿದ್ದ ಬೆಳಕು, ಮಗನ ಅರೆತೆರೆದ ಬಾಯಿ, ತುತ್ತಿನ ಮೇಲಿನ ತುಪ್ಪದ ಹೊಳಪು, ಗೋಡೆಯ ಮೇಲೆ ಒಂದು ನೆರಳಿಲ್ಲ. ತನ್ನ ಜೀವಮಾನದಲ್ಲಿ ಅವನು ಅಂಥ ಚಿತ್ರ ತೆಗೆದಿರಲಿಲ್ಲ. ಕಡಲೆಕಾಳಿನ ಫ್ಲ್ಯಾಶಿಗೆ ಇಷ್ಟು ಬೆಳಕೆಲ್ಲಿಯದು? "ಅದನ್ನ ಒಮ್ಮೆ ಹೊಡೀರಿ ತಾಯಿ" ಎಂದ. ಶ್ರೀವಾಣಿ ಗೋಡೆಯ ಕಡೆ ತಿರುಗಿಸಿ ಒತ್ತಿದಳು. ನಾಲ್ಕು ಮೂಲೆಯ ದೀಪಗಳೂ ಧಗ್ಗೆಂದವು.

ದುಬಾರಿ ದೀಪಗಳು ತಮ್ಮ ಯಜಮಾನನನ್ನು ಗುರುತು ಹಿಡಿಯುತ್ತವೆ. ಇವು ಅಗ್ಗದವು, ಯಾರ ಫ್ಲ್ಯಾಶ್ ಕಂಡರೂ ಅವರಿಗೇ ಆಳು. ಈಗ ಮದುವೆಗಳಲ್ಲಿ ಎಲ್ಲರ ಕೈಯಲ್ಲೂ ಮೊಬೈಲು, ಅದರ ಬೆಳಕಿಗೆ ಇವು ಸೊಪ್ಪು ಹಾಕುವುದಿಲ್ಲ. ಹಾಗಾಗಿ ಇಷ್ಟು ದಿನ ಗೊಲ್ಲಾಳಪ್ಪನಿಗೆ ಇದು ತಿಳಿದಿರಲಿಲ್ಲ. ಶ್ರೀವಾಣಿಯೂ ಅವನೂ ಕಾದದ್ದು ಒಂದೇ ಕ್ಷಣಕ್ಕೆ. ಅವಳು ನೇರ ಒತ್ತಿದಳು. ಇವನು ಮೊದಲು ತಾರೀಕನ ಮುಖ ನೋಡಿ ಆಮೇಲೆ ಒತ್ತಿದ.

"ಫೋಟೋ ನಿಮ್ಮದು, ಬೆಳಕು ನಂದರಿ" ಎಂದ ಗೊಲ್ಲಾಳಪ್ಪ, ಸೋತ ದನಿಯಲ್ಲಿ.

"ಬೆಳಕಿನ ಮ್ಯಾಲ ಯಾರ ಹೆಸರು ಬರ್ದದ? ಹೋಗು, ಆ ಹುಡುಗ ಬಿಸಿಲಾಗ ನಿಂತಾನ, ಅವನ್ನ ಕರಿ" ಎಂದಳು ಪದ್ಮಾಬಾಯಿ.

ಅಂಗಳದಲ್ಲಿ ಗೊಲ್ಲಾಳಪ್ಪ ತಾರೀಕನ ಎದುರು ನಿಂತು ಕೆಮ್ಮಿದ, ಆಕಾಶ ನೋಡಿದ, ಮತ್ತೊಮ್ಮೆ ಕೆಮ್ಮಿದ.

"ದೀಪದ್ದು ನಿಂದಲ್ಲ."

"ಅದು ನನಗ ಮೊದಲs ಗೊತ್ತಿತ್ತು."

"ಅಂಗಡಿ?"

"ಅಂಗಡಿ ನೋಡೀನಿ, ಖರೆ. ಅಳದೂ ಬಂದೀನಿ. ನೀ ಯಾವತ್ತು ಹೊರಗ ಹಾಕ್ತಿ ಅಂತ ನನಗೂ ಒಂದು ಡೌಟ್ ಇರ್ತದಲ್ಲಾ? ಇವತ್ತು ಹಾಕ್ದಿ."

"ಸಿಟ್ಟಿನ್ಯಾಗ ಬಂದ ಮಾತದು."

"ಸಿಟ್ಟು ಇಲ್ಲದಾಗೂ ಹಂಗs ನೋಡ್ತಿ. ಇಷ್ಟು ವರ್ಷ ಆತು, ನಿನ್ನ ಅಂಗಡಿ ಚಾವಿ ಹೆಂಗದ ಅಂತ ನಾ ನೋಡಿಲ್ಲ. ದಿನಾ ಬಾಗಿಲದಾಗ ಬಿಕಾರಿಹಂಗ ನಿಂದ್ರತೀನಿ. ಚಾವಿ ಕೊಡು, ಇರ್ತೀನಿ. ಇಲ್ಲಾ, ವಾಡಿ."

ಸ್ಟುಡಿಯೋದ ಕೀಲಿಕೈ ಗೊಲ್ಲಾಳಪ್ಪನ ಉಡದಾರದಲ್ಲಿತ್ತು. ಸ್ನಾನಕ್ಕೂ ಬಿಚ್ಚದ್ದು. ಅಂಗಳದ ಮೂಲೆಗೆ ಹೋಗಿ, ಯಾರೂ ನೋಡುತ್ತಿಲ್ಲವೆಂದು ನಾಲ್ಕೂ ದಿಕ್ಕು ತಿರುಗಿ, ಬಿಚ್ಚಿ ತಂದು ಕೈಗಿಟ್ಟ. ತಾರೀಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದು ಅದs ಕೀಲಿದು ಹೌದಲ್ಲೊ?"

"ನಿನಗೂ ಹತ್ತೇದ ನೋಡು ಈ ರೋಗ" ಎಂದ ಗೊಲ್ಲಾಳಪ್ಪ.

ಮರುದಿನ ಬೆಳಿಗ್ಗೆ, ನಾನು ತಡವಾಗಿ ಬರುತ್ತೇನೆ, ನೀನೇ ತೆರೆ ಎಂದು ಹೇಳಿದವನು ತಾರೀಕನಿಗಿಂತ ಮೊದಲೇ ಬಂದು ಎದುರಿನ ಚಹಾ ಅಂಗಡಿಯ ಕಂಬದ ಹಿಂದೆ ನಿಂತಿದ್ದ. ತಾರೀಕ ಬಂದ, ಬೀಗ ತೆರೆದ, ಷಟರ್ ಎತ್ತಿದ, ಕಸ ಗುಡಿಸಿದ. ಆಮೇಲೆ ಸ್ಟೂಲು ಎಳೆದುಕೊಂಡು ಬಾಗಿಲಿಗೆ ಮುಖ ಮಾಡಿ ಕೂತು ಯಾರಿಗೋ ಫೋನು ಹಚ್ಚಿದ. ವಾಡಿಗೇ ಇರಬೇಕು ಎಂದು ಗೊಲ್ಲಾಳಪ್ಪ ಕಿವಿ ನಿಮಿರಿಸುವಷ್ಟರಲ್ಲಿ ಅವನ ಎದೆಯ ಕಿಸೆಯಲ್ಲೇ ಫೋನು ಹೊಡೆದುಕೊಂಡಿತು.

"ಅಣ್ಣಾ, ಕಂಬ ಸಣ್ಣದದ, ನಿನ್ನ ಹೊಟ್ಟಿ ಹೊರಗ ಬಂದದ. ವಾಡಿಯವರಿಗೆ ಬ್ಯಾಡ ಅಂತ ನಿನ್ನೇನs ಹೇಳೀನಿ. ಬಾ ಒಳಗ."

ಗೊಲ್ಲಾಳಪ್ಪ ರಸ್ತೆ ದಾಟಿದ. ಹೊಸ್ತಿಲಲ್ಲಿ ನಿಂತು, ತನ್ನದೇ ಅಂಗಡಿಗೆ ಮೊದಲ ಸಲ, ಒಳಗೆ ಬರಲೇನು ಎಂದು ಕೇಳಿದ. ಅಲ್ಲ, ಹಾಗೆ ಕೇಳಲಿಲ್ಲ, ಕೇಳಿದ ಹಾಗೆ ನಿಂತ. ಆಮೇಲೆ ಒಳಗೆ ಹೋಗಿ ದೀಪಗಳನ್ನು ಎಣಿಸಿದ. ಎಣಿಸಿದನೋ ಇಲ್ಲವೋ ಎಂದು ನೀನೀಗ ಕೇಳುತ್ತಿ, ಅವನು ಎಣಿಸಿದ್ದನ್ನು ತಾರೀಕ ನೋಡಿ ನಕ್ಕದ್ದಕ್ಕೆ ನನ್ನ ಹತ್ತಿರ ಸಾಕ್ಷಿ...

"ಪುಂಡಿಪಲ್ಯ ಎರಡು ಸಲ ಕಾಸೀನಿ, ಮೂರನೇ ಸಲ ಕಾಸಂಗಿಲ್ಲ. ಆ ಹುಡುಗನ್ನ ಬಿಟ್ಟು ಉಣ್ಣಾಕ ಬರ್ರಿ."

ಬಂದೆ, ಬಂದೆ. ಒಳಗಿನಿಂದ ನಮ್ಮಾಕೆ ಕರೆಯುತ್ತಿದ್ದಾಳೆ, ನೀನೂ ಏಳು ತಮ್ಮಾ, ಕೈ ತೊಳಿ.