ಉಸಿರು ಹಿಡಿದು ಗಾಳಿ ಅಳೆಯುವವರು

ಗಾಳಿಯಲ್ಲಿ ತೇಲುವ ಗಂಧಕಾಮ್ಲದ ಕಾಣದ ಹನಿಗಳನ್ನು, ಅಂದರೆ ನಮ್ಮ ಬೀದರಿನವರು ತೇಜಾಬು ಎನ್ನುವುದನ್ನು, ಅಳೆಯುವ ಶಿವಕಾಂತಾ ಮೇಡಂ ನಮ್ಮ ಮಾಳಿಗೆಗೆ ಯಂತ್ರ ತಂದರೆಂದರೆ ಓಣಿಗೆ ಓಣಿಯೇ ಶಿಸ್ತಿಗೆ ಬೀಳುತ್ತದೆ. ಎಮ್ಮೆಗಳು ದೂರ ಹೋಗಬೇಕು, ತಲೆಗೆ ಬಣ್ಣ ಹಚ್ಚಿಕೊಂಡವರು ಮೆಟ್ಟಿಲು ಹತ್ತಬಾರದು; ಸಗಣಿ, ಗಂಜಲ, ಆ ಬಣ್ಣ ಮೂರರಿಂದಲೂ ಅಮೋನಿಯಾ ಏಳುತ್ತದೆ. “ಅಮೋನಿಯಾ ತಾಗ್ತಂದ್ರ ತೇಜಾಬು ಸತ್ತಂಗ್ರಿ,” ಎನ್ನುವುದು ಅವರ ನಿತ್ಯದ ಮಂತ್ರ. ಒಮ್ಮೆ ನಮ್ಮತ್ತೆ ಲೀಲಾಬಾಯಿ, ಬಂದ ಯಂತ್ರಕ್ಕೆ ಮರ್ಯಾದೆಯಾಗಲೆಂದು, ಅದರ ಸುತ್ತ ಸಗಣಿ ಸಾರಿಸಿ ರಂಗೋಲಿ ಹಾಕಿಬಿಟ್ಟರು. ಮೇಡಂ ಬೈಯಲಿಲ್ಲ, ರಂಗೋಲಿಗೆ ಕೈಮುಗಿದು, ಅಷ್ಟು ಹೊತ್ತು ಗಾಳಿ ಹಿಡಿದಿದ್ದ ಫಿಲ್ಟರನ್ನು ಎಸೆದು, ಮತ್ತೆ ಮೊದಲಿನಿಂದ ಶುರು ಮಾಡಿದರು. ಆ ಬಿಳಿ ಬಿಲ್ಲೆಯಂಥ ಫಿಲ್ಟರ್ ಬದಲಿಸುವಾಗ ಅವರು ಮುಖ ಹೊರಳಿಸಿ ಉಸಿರು ಹಿಡಿಯುತ್ತಾರೆ. ಯಾರೂ ಹೇಳದಿದ್ದರೂ ನಾವೂ ಹಿಡಿಯುತ್ತೇವೆ. “ಉಸಿರ್ಯಾಕ ಹಿಡೀತೀರಿ ಮೇಡಂ?” ಆ ದಿನ ಅತ್ತೆ ಕೇಳಿದರು. “ನಮ್ಮ ಉಸಿರಿನಾಗೂ ಚೂರು ಅಮೋನಿಯಾ ಇರ್ತದ್ರಿ. ಒಳಗ ಹೋಗೋ ತೇಜಾಬಿನ ಕೂಡ ಅದು ಬಾಯಾಗೇ ಬಡದಾಡ್ತದ. ಫಿಲ್ಟರಿಗಿ ತಾಗಿದ್ರ ಗಾಳಿ ಚಲೋ ಅದ ಅಂತ ಸುಳ್ಳು ಬರ್ತದ.” ಇಷ್ಟು ವರ್ಷ ಹೀಗೊಂದು ಕಾವಲನ್ನು ಬಾಯಲ್ಲಿಟ್ಟುಕೊಂಡು ತಿರುಗಿದೆನಲ್ಲ ಎಂದು ನಾನು ಬೆರಗಾಗಿ ತುಟಿ ಮುಟ್ಟಿಕೊಂಡೆ. “ಹಂಗಾದ್ರ ನಮಗೇನು ಚಿಂತಿ ಇಲ್ಲ ಬಿಡ್ರಿ,” ಎಂದು ಅತ್ತೆ ನಕ್ಕರು. ಮೇಡಂ ನಗಲಿಲ್ಲ. ಫಿಲ್ಟರಿಟ್ಟ ಡಬ್ಬಿಯ ಮುಚ್ಚಳ ಬಿಗಿದು ಮೆಲ್ಲಗೆ ಹೇಳಿದರು: “ನಮ್ಮಪ್ಪ ಭಾಲ್ಕ್ಯಾಗ ಬ್ಯಾಟರಿ ಅಂಗಡಿ ನಡೆಸ್ತಿದ್ರು. ತೇಜಾಬಿನ ಹೊಗಿಗಿ ಮುಂದಿನ ಹಲ್ಲೆಲ್ಲಾ ಸವದು ಹೋದ್ವು. ಅವರ ಉಸಿರು ಜೀವಮಾನ ಎಲ್ಲಾ ತೇಜಾಬಿನ ಕೂಡ ಒಂದೇ ಬಡದಾಡ್ಯದ್ರಿ. ಗಾಳಿದು ಖರೆ ಲೆಕ್ಕ ಸಿಗ್ಲಾಕ ನಂದು ಒಂದ್ ನಿಮಿಷ ಸುಮ್ನಿರಲಿ.”