ಕಾಕಾ ಹಾಕುತ್ತಿದ್ದ ಕೆಂಪು ಹನಿ

ಹೋದ ತಿಂಗಳು ಡ್ರೋನ್‌ಗಳ ಪ್ರದರ್ಶನವೊಂದರ ವರದಿಗೆ ಹೋಗಿದ್ದೆ. ಒಂದು ಮಳಿಗೆಯ ಹಿಂದೆ ಯಾರೋ ಕಿತ್ತುಹೋದ ತಂತಿಗೆ ಬೆಸುಗೆ ಹಾಕುತ್ತಿದ್ದರು. ಕಾದ ರಾಳದ ಹೊಗೆ ಮೂಗಿಗೆ ಬಡಿಯಿತು. ಕಂಪನಿಯ ಅಧಿಕಾರಿ ಗಡಿ ಕಣ್ಗಾವಲು, ಕೃತಕ ಬುದ್ಧಿಮತ್ತೆ ಎಂದು ಒಂದೇ ಸಮನೆ ಹೇಳುತ್ತಲೇ ಇದ್ದರು. ನನ್ನ ಪೆನ್ನು ನಿಂತುಹೋಗಿತ್ತು. ಬೀದರಿನ ನೌಬಾದದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ಕಣ್ಣ ಮುಂದೆ ಬಂದಿದ್ದರು...

ನಾನು ಔರಾದಿನವಳು. ಆಗ ನೌಬಾದದಲ್ಲಿ ಬಾಡಿಗೆಗಿದ್ದು, ರಕ್ಷಣೆ ಮತ್ತು ಹೊಸ ತಂತ್ರಜ್ಞಾನದ ಬಗ್ಗೆ ಪತ್ರಿಕೆಗೆ ಬರೆಯುತ್ತಿದ್ದೆ. ಬೀದರಿನಲ್ಲಿ ಕೂತು ದೇಶದ ಭದ್ರತೆ ಬರೆಯುತ್ತಾಳಂತೆ ಎಂದು ಗೆಳತಿಯರು ನಗುತ್ತಿದ್ದರು. ನಗಲಿ ಬಿಡಿ! ತಲೆಯ ಮೇಲೆ ದಿನಬೆಳಗಾದರೆ ತರಬೇತಿ ವಿಮಾನ ಹಾರುವ ಊರು ನಮ್ಮದು. ಕಾಕಾ ಭಾಲ್ಕಿ ಕಡೆಯವರು, ಮೆಥೋಡಿಸ್ಟ್ ಚರ್ಚಿನ ಮನೆತನ. ಮೊದಲು ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದರು. ಆ ಅಂಗಡಿ ನಡೆಯದಾದಾಗ ಬೀದರಿನದೇ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಡ್ರೋನ್ ಜೋಡಿಸುವ ಒಂದು ಖಾಸಗಿ ಕಾರ್ಖಾನೆಗೆ ತಪಾಸಣೆಯ ಕೆಲಸಕ್ಕೆ ಸೇರಿದ್ದರು.

ಅವರದೊಂದು ರೂಢಿಯಿತ್ತು. ಯಾವ ಯಂತ್ರವನ್ನು ನೋಡಿ ಮುಗಿಸಿದರೂ ಹೆಂಡತಿಯ, ಅಂದರೆ ನಮ್ಮ ಕಾಕುವಿನ, ಕೆಂಪು ನೇಲ್ ಪಾಲಿಶ್‌ನಲ್ಲಿ ಕಡ್ಡಿ ಅದ್ದಿ, ಸ್ಕ್ರೂ ತಲೆಯ ಮೇಲೆ ಒಂದು ಹನಿ ಬಿಡುತ್ತಿದ್ದರು. "ನನ್ನ ಹಿಂದ ಯಾರಾರ ಬಿಚ್ಚಿದ್ರ ಇದು ಒಡೀತದ ಬೇಟಾ. ಆಗ ಗೊತ್ತಾಗ್ತದ," ಎನ್ನುತ್ತಿದ್ದರು. ಕಾರ್ಖಾನೆಯವರು ಕೊಟ್ಟ ಬಣ್ಣ ಅಳಿಸಿಹೋಗುತ್ತದೆಂದು ಅಲ್ಲೂ ಅದೇ ಶೀಶೆ ಒಯ್ದಿದ್ದರು. ಶೀಶೆ ಖಾಲಿಯಾದಾಗಲೆಲ್ಲ ಕಾಕು ಬಯ್ಯುತ್ತಿದ್ದರು. ನಮ್ಮ ಮನೆಯ ಮಿಕ್ಸರಿನ ಅಡಿಯಲ್ಲೂ ಆ ಹನಿ ಇತ್ತು. ದಿನಾ ಚಟ್ನಿ ಅರೆಯುವಾಗ ನೋಡುತ್ತಿದ್ದೆ.

ಒಂದು ಭಾನುವಾರ ಚರ್ಚಿನಿಂದ ಬಂದವರೇ ನೇರವಾಗಿ ನಮ್ಮ ಮನೆಗೆ ಬಂದರು. ಮುಖ ಇಳಿದಿತ್ತು. ಗಡಿ ಕಾಯಲು ಹೋಗುವ ಡ್ರೋನ್‌ಗಳಿಗೆ ದೇಶದಲ್ಲೇ ಮಾಡಿದ ಸರ್ಕ್ಯೂಟ್ ಬೋರ್ಡ್ ಹಾಕಬೇಕೆಂಬುದು ಕರಾರು. ಆದರೆ ಹೊರದೇಶದ ಬೋರ್ಡುಗಳ ಹೆಸರು ಕೆರೆದು, ಮೇಲೆ ಹೊಸ ಚೀಟಿ ಅಂಟಿಸಿ ಕಳಿಸುತ್ತಿದ್ದರಂತೆ. ಕೆರೆದ ಗೀರುಗಳು ಕಾಕಾನ ಭೂತಗನ್ನಡಿಗೆ ಕಂಡಿದ್ದವು. ಕೇಳಿದ್ದಕ್ಕೆ ಮ್ಯಾನೇಜರು, ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಎಂದಿದ್ದರು.

"ಗಡಿ ಮ್ಯಾಲ ಹುಡುಗ್ರು ಇದನ್ನ ನಂಬ್ಕೊಂಡು ನಿಂತಿರ್ತಾರ. ನೋಡೀನಿ, ಛಲೋ ಅದ ಅಂತ ನಾ ಗುರ್ತ ಹಾಕೀನಲ್ಲ ಬೇಟಾ... ನನ್ನ ಹೆಸರು ಮಾತ್ರ ಎಲ್ಲೀ ಬರಬಾರ್ದು ನೋಡು. ಇನ್ನ ಮೂರು ವರ್ಷ ನೌಕ್ರಿ ಅದ."

ಬರುವುದಿಲ್ಲ ಎಂದು ಮಾತು ಕೊಟ್ಟೆ. ಮರುದಿನ ಅವರು ಊಟದ ಡಬ್ಬಿಯಲ್ಲಿ ಒಂದು ಬೋರ್ಡನ್ನು ಅದರ ಚೌಕಟ್ಟಿನ ಸಮೇತ ತಂದರು. ಫೋಟೋ ತೆಗೆದುಕೊಂಡೆ. ಇಂಥ ವಿಷಯದಲ್ಲಿ ನಾನು ಬಹಳ ಜಾಣೆ ಎಂಬ ಗತ್ತು ನನಗೆ. ಸರಣಿ ಸಂಖ್ಯೆ ಮಸುಕು ಮಾಡಿದೆ, ಫೋಟೋದೊಳಗಿನ ದಿನಾಂಕ, ಜಾಗದ ಮಾಹಿತಿ ಅಳಿಸಿದೆ, ಫೋನಿನಲ್ಲಿ ಅವರ ಸಂದೇಶಗಳನ್ನೂ ಉಳಿಸಲಿಲ್ಲ. ವಾರದ ನಂತರ, ಅಚ್ಚಿಗೆ ಹೋಗುವ ಮುಂಚೆ ಕಾಕಾ ಗೋಡೆಯ ಆಚೆಯಿಂದ, "ಫೋಟೋ ಒಮ್ಮಿ ತೋರ್ಸು, ನೋಡ್ತೀನಿ," ಎಂದರು.

"ಎಲ್ಲಾ ಅಳ್ಸೀನ್ರಿ ಕಾಕಾ. ನಮ್ಮ ಕೆಲಸ ನಮಗ ಬಿಡ್ರಿ," ಎಂದೆ.

ಜೀವನಪೂರ್ತಿ ಯಂತ್ರಗಳನ್ನು ಕಣ್ಣಿಟ್ಟು ನೋಡಿದ ಮನುಷ್ಯ. ಒಮ್ಮೆ ತೋರಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಸುದ್ದಿ ಮುಖಪುಟದಲ್ಲಿ ಬಂತು. ಮರುದಿನ ಮ್ಯಾನೇಜರು ಕಾಕಾನನ್ನು ಕರೆಸಿ, ಫೋನಿನಲ್ಲಿ ಆ ಚಿತ್ರವನ್ನು ಹಿಗ್ಗಿಸಿ ಅವರ ಮುಂದೆ ಇಟ್ಟರಂತೆ. ಮೂಲೆಯ ಸ್ಕ್ರೂ ತಲೆಯ ಮೇಲೆ ಕೆಂಪು ಹನಿ. "ಇದು ಯಾರ್ದು?" ಎಂದು ಕೇಳಿದರಂತೆ. "ನಂದೇ ರೀ," ಎಂದು ಹೇಳಿ ಕಾಕಾ ಡಬ್ಬಿ ಎತ್ತಿಕೊಂಡು ಮನೆಗೆ ಬಂದರು. ಇದನ್ನು ನನಗೆ ಹೇಳಿದ್ದು ಕಾಕು. ಓಡಿ ಹೋಗಿ ಪತ್ರಿಕೆ ಬಿಡಿಸಿ ನೋಡಿದೆ. ಇತ್ತು. ದಿನಾ ನೋಡುವ ಹನಿ, ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಸಂಜೆ ಅವರ ಮನೆಗೆ ಹೋದೆ. ಕಾಕಾ ಅಂಗಳದಲ್ಲಿ ಕೂತಿದ್ದರು. "ಬರ್ದಿದ್ದು ಛಲೋ ಅದ ಬೇಟಾ," ಎಂದರು. ಸಿಟ್ಟು ಮಾಡಿದ್ದರೆ ಕಾಲಿಗಾದರೂ ಬೀಳುತ್ತಿದ್ದೆನೋ ಏನೋ. ತಪ್ಪಾಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾನು ಆಡಿದ್ದು, "ಬೋರ್ಡ್ ಎಲ್ಲಾ ವಾಪಸ್ ತರ್ಸಿ ತನಿಖಿ ಮಾಡ್ತಾರಂತ್ರಿ ಕಾಕಾ," ಎಂದು. ಅವರು ತಲೆಯಾಡಿಸಿದರು. ಆಮೇಲೆ ವಿಮಾನವೊಂದು ಹಾದುಹೋಯಿತು, ಇಬ್ಬರೂ ಅದನ್ನೇ ನೋಡುತ್ತ ಕೂತೆವು.

ಆ ಸುದ್ದಿಯಿಂದ ನನಗೆ ದಿಲ್ಲಿಗೆ ಬಡ್ತಿ ಸಿಕ್ಕಿತು. ಕೊಳಾರದ ಬೇರೆ ಯಾವ ಕಾರ್ಖಾನೆಯೂ ಕಾಕಾನನ್ನು ಸೇರಿಸಿಕೊಳ್ಳಲಿಲ್ಲ. ಅವರು ಭಾಲ್ಕಿಗೆ ಮರಳಿದರು. ನಾಳೆ ಫೋನ್ ಮಾಡಿದರಾಯಿತು, ಹಬ್ಬಕ್ಕೆ ಊರಿಗೆ ಹೋದಾಗ ಕಂಡರಾಯಿತು ಎನ್ನುತ್ತಲೇ ದಿನ ದೂಡಿದೆ. ನಿಜ ಹೇಳಬೇಕೆಂದರೆ ನಾನು ಹೇಡಿ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂದಾಗಲೂ ಕೆಲಸದ ನೆಪ ಹೇಳಿ ಉಳಿದುಬಿಟ್ಟೆ.

ಪ್ರದರ್ಶನದಿಂದ ಬಂದವಳು ರಜೆ ಹಾಕಿ ಭಾಲ್ಕಿಗೆ ಹೋದೆ. ಕಾಕು ಬೇಳೆ ಆರಿಸುತ್ತ ಕೂತಿದ್ದರು. ಬಹಳ ಸಣ್ಣಗಾಗಿದ್ದರು. ಚಹಾ ಕೊಟ್ಟರು, ಔರಾದಿನಲ್ಲಿ ಎಲ್ಲರೂ ಆರಾಮ ಇದ್ದಾರಾ ಎಂದು ಕೇಳಿದರು. ನನಗೆ ತಡೆಯಲಾಗಲಿಲ್ಲ.

"ಕಾಕು, ತಪ್ಪು ನಂದ್ರಿ. ಅವ್ರು ಫೋಟೋ ತೋರ್ಸು ಅಂದಿದ್ರು, ನಾನೇ ತೋರ್ಸಲಿಲ್ಲ," ಎಂದು ಅತ್ತುಬಿಟ್ಟೆ.

ಅವರು ಮೊರದ ಬೇಳೆಯಿಂದ ಕಲ್ಲೊಂದನ್ನು ಹೆಕ್ಕಿ ಪಕ್ಕಕ್ಕೆ ಹಾಕಿದರು.

"ನನಗ್ಯಾಕ ಹೇಳ್ಲತ್ತಿ? ಫೋನ್ ಬಂದಾಗೆಲ್ಲಾ ನಿಂದೇ ಇರ್ಬೇಕು ಅಂತ ಏಳ್ತಿದ್ರು. ಕಡೀಕ ಏಳ್ಲಿಕ್ಕಿ ಆಗ್ತಿದ್ದಿಲ್ಲ, ನೀನೇ ನೋಡು ಯಾರು ಅಂತಿದ್ರು. ಅಷ್ಟೆಲ್ಲಾ ಬರೀತಿ... ಅವ್ರಿಗಿ ಒಂದು ಮಾತ ಹೇಳ್ಲಿಕ್ಕಿ ಬರಲಿಲ್ಲೇನವಾ ನಿನಗ?"