ಸೂರ್ಯಾಸ್ತ ಕಾಣುವ ಮನೆ

"ಲಗೂನ ಬುತ್ತಿ ಬಿಚ್ಚಪಾ, ಹೊತ್ತ ಮುಳಗಾಕತ್ತೈತಿ!" ಎಂದು ಅವ್ವ ಗಾಬರಿಯಾದಳು. ಬೇಸಿಗೆಗೊಂದು ತಂಪು ಮನೆ ಬೇಕೆಂಬ ನನ್ನ ಹಟಕ್ಕೆ ಮಹಾಬಳೇಶ್ವರದ ಸಮೀಪದ ಹಳ್ಳಿಯಲ್ಲಿ ಮನೆ ನೋಡುತ್ತಿದ್ದೆವು. ಇಲ್ಲಿಂದ ಸೂರ್ಯಾಸ್ತ ಚೆಂದ ಕಾಣುತ್ತದೆಂದು ದಲಾಲ ಹೊಗಳುತ್ತಿದ್ದಂತೆಯೇ, ಕಣಿವೆಯಿಂದ ಎದ್ದ ಮಂಜು ಬೆಳಕನ್ನೆಲ್ಲ ನುಂಗಿಬಿಟ್ಟಿತ್ತು.

ನಾವು ಕಾಗವಾಡದ ಜೈನರು. ಹೊತ್ತು ಮುಳುಗಿದ ಮೇಲೆ ಅವ್ವ ಗುಟುಕು ನೀರನ್ನೂ ಮುಟ್ಟುವುದಿಲ್ಲ. ಇನ್ನೂ ನಾಲ್ಕು ಗಂಟೆ ಎಂದು ಗಡಿಯಾರ ತೋರಿಸಿದೆ. "ಗಡಿಯಾರ ನೋಡಿ ಉಣ್ಣಾವರೇನ ನಾವು? ಬೆಳಕ ನೋಡಿ ಉಣ್ಣಾವ್ರು" ಎಂದು ಬೈದಳು. ಗಬಗಬನೆ ರೊಟ್ಟಿ, ಹೆಸರುಕಾಳು ಪಲ್ಯ ಉಂಡು, ಬಾಯಿ ಮುಕ್ಕಳಿಸಿ, ಇನ್ನು ನಾಳೆ ಬೆಳಗಿನವರೆಗೆ ಏನೂ ಮುಟ್ಟುವುದಿಲ್ಲವೆಂದು ಕೈಮುಗಿದು ನೇಮ ಹಿಡಿದಳು.

ಆಗಲೇ ಮಂಜು ಸರಿಯಿತು. ಸೂರ್ಯ ಇನ್ನೂ ಮೇಲೆಯೇ ಇದ್ದ, ಕಣ್ಣು ಕುಕ್ಕುವಂತೆ! ಅದೇ ಹೊತ್ತಿಗೆ ದಲಾಲನ ಹೆಂಡತಿ ಘಮಘಮಿಸುವ ಚಹಾ ತಂದಿಟ್ಟಳು. ಚಹಾ ಎಂದರೆ ಅವ್ವನಿಗೆ ಪ್ರಾಣ. ಒಮ್ಮೆ ಕಪ್ಪನ್ನೂ ಒಮ್ಮೆ ಸೂರ್ಯನನ್ನೂ ದುರುಗುಟ್ಟಿ ನೋಡಿ ನನ್ನತ್ತ ತಿರುಗಿದಳು. "ನಡಿ ಊರಿಗೆ. ಸೂರ್ಯಾ ಸೈತ ಮಾತಿಗೆ ನಿಲ್ಲದ ಊರಾಗ ಈ ದಲಾಲ ನಿಲ್ತಾನೇನು?"

ಮನೆಯ ಮಾತು ಅಲ್ಲಿಗೇ ಮುಗಿಯಿತು. ಈಗಲೂ ಸಂಜೆ ನಾನು ಊಟಕ್ಕೆ ಕುಳಿತರೆ, ಅವ್ವ ಮಾಳಿಗೆ ಹತ್ತಿ ಕಬ್ಬಿನ ಹೊಲದಾಚೆ ನೋಡಿ ಅಲ್ಲಿಂದಲೇ ಕೂಗುತ್ತಾಳೆ: "ನಮ್ಮ ಸೂರ್ಯಾ ಇನ್ನೂ ನಿಂತಾನ, ಇನ್ನೊಂದ ರೊಟ್ಟಿ ಹಾಕ್ಕೋ!"